ಚೆಕ್ ಎಂಜಿನ್ ದೀಪ ಮತ್ತು ನಮ್ಮ ಜೇಬು

ಶಾರ್ಜಾದ ಇಂಡಸ್ಟ್ರಿಯಲ್ ಏರಿಯಾದಲ್ಲಿ ನಾನು ಕೆಲಸ ಮಾಡುವ ಗ್ಯಾರೇಜಿಗೆ ಬರುವವರಲ್ಲಿ ಹೆಚ್ಚಿನವರ ಮೊದಲ ಮಾತು ಒಂದೇ: "ಸ್ಕ್ಯಾನ್ ಮಾಡಿ, ಯಾವ ಪಾರ್ಟ್ ಹೋಗಿದೆ ಹೇಳಿ." ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹತ್ತಿದೆ, ಸ್ಕ್ಯಾನರ್ ಚುಚ್ಚಿದರೆ ಒಂದು ಕೋಡ್ ಬರುತ್ತದೆ, ಆ ಕೋಡನ್ನು ಮೊಬೈಲಿನಲ್ಲಿ ಹುಡುಕಿದರೆ ಒಂದು ಪಾರ್ಟಿನ ಹೆಸರು ಸಿಗುತ್ತದೆ, ಅದನ್ನು ಬದಲಿಸಿದರೆ ದೀಪ ಆರುತ್ತದೆ ಎಂಬುದು ಅವರ ಲೆಕ್ಕ. ಈ ಲೆಕ್ಕ ತಪ್ಪು. ಅದರಿಂದ ನಮ್ಮವರ ಜೇಬಿನಿಂದ ಹೋಗುತ್ತಿರುವ ದುಡ್ಡನ್ನು ನೋಡಿ ನೋಡಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ. ಕೋಡ್ ಎಂದರೆ ಕಾರು ಕೊಟ್ಟ ದೂರು, ಅಷ್ಟೇ. ಠಾಣೆಗೆ ದೂರು ಬಂದ ಕೂಡಲೇ ಯಾರನ್ನೂ ಜೈಲಿಗೆ ಹಾಕುವುದಿಲ್ಲ, ತನಿಖೆ ಆಗಬೇಕು. ನಾವು ದುಡ್ಡು ಕೊಡಬೇಕಾದ್ದು ಮೊದಲು ಆ ತನಿಖೆಗೆ, ಆಮೇಲೆ ಪಾರ್ಟಿಗೆ.

ಇದು ಗಲ್ಫಿನ ಕಾಯಿಲೆ ಮಾತ್ರ ಎಂದುಕೊಂಡಿದ್ದೆ. ಅಮೆರಿಕದಲ್ಲಿ ಎಲ್ಲವೂ ಪದ್ಧತಿ ಪ್ರಕಾರ ನಡೆಯುತ್ತದೆ ಎಂದು ನಮ್ಮಲ್ಲೊಂದು ಮಾತಿದೆಯಲ್ಲ. ಕಳೆದ ಚಳಿಗಾಲದಲ್ಲಿ ನ್ಯೂಜೆರ್ಸಿಯ ಎಡಿಸನ್‌ನಲ್ಲಿರುವ ತಂಗಿಯ ಮನೆಗೆ ಹೋಗಿ ಎರಡು ತಿಂಗಳು ಇದ್ದೆ. ಎಡಿಸನ್, ಅದರ ಪಕ್ಕದ ಐಸೆಲಿನ್ ಎಂದರೆ ಅರ್ಧ ಭಾರತವೇ. ಓಕ್ ಟ್ರೀ ರೋಡಿನಲ್ಲಿ ನಡೆದರೆ ಕರಾಮದಲ್ಲೋ ಬರ್ ದುಬೈಯಲ್ಲೋ ಇದ್ದ ಹಾಗೆ ಅನಿಸುತ್ತದೆ, ಚಳಿ ಒಂದನ್ನು ಬಿಟ್ಟರೆ. ಭಾವ ಔಷಧ ಕಂಪನಿಯೊಂದರ ಗೋದಾಮಿನಲ್ಲಿ ರಾತ್ರಿ ಪಾಳಿಯಲ್ಲಿ ಕೆಲಸ ಮಾಡುತ್ತಾರೆ. ರಾತ್ರಿ ಹನ್ನೊಂದಕ್ಕೆ ಅಲ್ಲಿಗೆ ಹೋಗುವ ಬಸ್ಸಿಲ್ಲ. ಕಾರಿಲ್ಲದಿದ್ದರೆ ಕೆಲಸವಿಲ್ಲ. ಹದಿಮೂರು ವರ್ಷ ಹಳೆಯ ಜಪಾನಿ ಸೆಡಾನ್, ಅದರಲ್ಲಿ ಹಳದಿ ದೀಪ, ತಿಂಗಳ ಕೊನೆಗೆ ಸರ್ಕಾರಿ ತಪಾಸಣೆ. ಒಂದು ಗ್ಯಾರೇಜಿನಲ್ಲಿ ಐದು ನಿಮಿಷ ನೋಡಿ ಕೈಗೆ ಚೀಟಿ ಕೊಟ್ಟಿದ್ದರು: ಕೋಡ್ ಪಿ 0420, ಕೆಟಲಿಟಿಕ್ ಕನ್ವರ್ಟರ್ ಬದಲಿಸಬೇಕು, 1,950 ಡಾಲರ್. ನಮ್ಮ ದಿರ್ಹಮಿನಲ್ಲಿ ಏಳು ಸಾವಿರಕ್ಕೂ ಮೇಲೆ. ಆ ಕಾರನ್ನು ಮಾರಿದರೂ ಅದರ ಎರಡರಷ್ಟು ಸಿಗುವುದು ಕಷ್ಟ.

ನ್ಯೂಜೆರ್ಸಿಯ ತಪಾಸಣೆಯ ಬಗ್ಗೆ ಸ್ವಲ್ಪ ಹೇಳಬೇಕು, ಏಕೆಂದರೆ ನಮ್ಮ ತಸ್‌ಜೀಲ್‌ಗೂ ಅದಕ್ಕೂ ದೊಡ್ಡ ವ್ಯತ್ಯಾಸವಿದೆ. ಇಲ್ಲಿ ಮುಲ್ಕಿಯಾ ನವೀಕರಿಸಬೇಕಾದರೆ (ಮುಲ್ಕಿ ಕಡೆಯ ನಮ್ಮ ಗೆಳೆಯರಿಗೆ ಈ ಶಬ್ದ ಕೇಳಿದರೆ ಇಂದಿಗೂ ನಗು) ಬ್ರೇಕು, ಟಯರು, ದೀಪ, ಬಣ್ಣ ಎಲ್ಲವನ್ನೂ ನೋಡುತ್ತಾರೆ. ನ್ಯೂಜೆರ್ಸಿ 2010ರ ಆಗಸ್ಟಿನಿಂದ ಸಾಮಾನ್ಯ ಕಾರುಗಳಿಗೆ ಬ್ರೇಕು, ಸ್ಟಿಯರಿಂಗುಗಳ ತಪಾಸಣೆಯನ್ನೇ ಕೈಬಿಟ್ಟಿತು. ಈಗ ನೋಡುವುದು ಹೊಗೆಯ ವಿಷಯ ಮಾತ್ರ. ಅದನ್ನೂ ಸೈಲೆನ್ಸರಿಗೆ ನಳಿಕೆ ಸಿಕ್ಕಿಸಿ ಅಳೆಯುವುದಿಲ್ಲ. 1996ರ ನಂತರದ ಕಾರಾದರೆ ಸ್ಟಿಯರಿಂಗಿನ ಕೆಳಗಿನ ಹದಿನಾರು ಪಿನ್ನಿನ ಸಾಕೆಟ್ಟಿಗೆ ವೈರು ಚುಚ್ಚಿ ಕಾರಿನ ಕಂಪ್ಯೂಟರನ್ನೇ ಕೇಳುತ್ತಾರೆ. ಚೆಕ್ ಎಂಜಿನ್ ದೀಪ ಹತ್ತಿದ್ದರೆ ಫೇಲು. ಗಾಜಿಗೆ ಕೆಂಪು ಸ್ಟಿಕ್ಕರ್ ಅಂಟಿಸಿ ಕಳಿಸುತ್ತಾರೆ. ಅಂದರೆ ಬ್ರೇಕು ಸವೆದ ಕಾರು ಪಾಸಾಗಬಹುದು, ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಸಡಿಲವಿದ್ದು ದೀಪ ಹತ್ತಿದ ಕಾರು ಪಾಸಾಗದು. ಇದರ ನ್ಯಾಯವನ್ನು ಅಲ್ಲಿಯವರೇ ಚರ್ಚಿಸಿಕೊಳ್ಳಲಿ. ಆದರೆ ಒಂದು ವಿಷಯ ನನಗೆ ತುಂಬ ಹಿಡಿಸಿತು. ರಾಜ್ಯದ ತಪಾಸಣಾ ಕೇಂದ್ರಗಳಲ್ಲಿ ಪರೀಕ್ಷೆ ಪುಕ್ಕಟೆ, ಮತ್ತು ಅಲ್ಲಿ ರಿಪೇರಿ ಮಾಡುವುದಿಲ್ಲ. ಫೇಲ್ ಮಾಡುವವನಿಗೆ ಪಾರ್ಟ್ ಮಾರುವ ಆಸೆ ಇರುವುದಿಲ್ಲ. ಹಡ್ಸನ್ ನದಿ ದಾಟಿ ನ್ಯೂಯಾರ್ಕಿಗೆ ಹೋದರೆ ಕತೆ ಬೇರೆ. ಅಲ್ಲಿ ಪ್ರತಿವರ್ಷ ತಪಾಸಣೆ, ಅದೂ ಲೈಸೆನ್ಸ್ ಪಡೆದ ಖಾಸಗಿ ಗ್ಯಾರೇಜುಗಳಲ್ಲಿ. ಪರೀಕ್ಷಿಸುವವನೂ ರಿಪೇರಿ ಮಾಡುವವನೂ ಒಬ್ಬನೇ. ಒಳ್ಳೆಯವನು ಸಿಕ್ಕಿದರೆ ಪುಣ್ಯ.

ಪಿ 0420 ಎಂಬುದನ್ನು ಮೊದಲು ಬಿಡಿಸಿ ಓದೋಣ. ಪಿ ಎಂದರೆ ಎಂಜಿನ್ ಮತ್ತು ಗೇರ್‌ಬಾಕ್ಸಿನ ಕಡೆಯದು. ಬಿ ಬಂದರೆ ಬಾಡಿ, ಸಿ ಬಂದರೆ ಚಾಸಿ, ಯು ಬಂದರೆ ಕಂಪ್ಯೂಟರುಗಳ ನಡುವಿನ ಮಾತುಕತೆ ತಪ್ಪಿದೆ ಎಂದು ಅರ್ಥ. ಅದರ ಮುಂದಿನ ಸೊನ್ನೆ, ಇದು ಎಲ್ಲ ಕಂಪನಿಗಳಿಗೂ ಸಮಾನವಾದ ಕೋಡ್ ಎಂದು ಹೇಳುತ್ತದೆ. ಅಲ್ಲಿ ಒಂದು ಇದ್ದರೆ ಆ ಕಂಪನಿಯದೇ ಕೋಡ್. ಮೂರನೆಯ ಜಾಗದ ನಾಲ್ಕು ಎಂದರೆ ಹೊಗೆ ನಿಯಂತ್ರಣದ ವಿಭಾಗ. ಅಲ್ಲಿ ಮೂರು ಇದ್ದಿದ್ದರೆ ಪ್ಲಗ್, ಕಾಯಿಲ್, ಮಿಸ್‌ಫೈರ್ ಕಡೆಗೆ ನೋಡಬೇಕಿತ್ತು. ಇಡೀ ಕೋಡಿನ ಅರ್ಥ: ಕನ್ವರ್ಟರಿನ ಕೆಲಸ ನಿಗದಿಯ ಮಟ್ಟಕ್ಕಿಂತ ಕಡಿಮೆ ಇರುವಂತೆ ಕಾಣುತ್ತಿದೆ. ಕಾಣುತ್ತಿದೆ ಎಂಬ ಮಾತನ್ನು ಗಮನಿಸಿ. ಕನ್ವರ್ಟರ್ ಸತ್ತಿದೆ ಎಂದು ಕಾರು ಎಲ್ಲಿಯೂ ಹೇಳಿಲ್ಲ.

ಕಾರಿಗೆ ಹಾಗೆ ಕಾಣುವುದು ಹೇಗೆ? ಸೈಲೆನ್ಸರ್ ಪೈಪಿನಲ್ಲಿ ಕನ್ವರ್ಟರಿಗೆ ಮುಂಚೆ ಒಂದು ಆಮ್ಲಜನಕದ ಸೆನ್ಸರ್, ನಂತರ ಒಂದು. ಮುಂದಿನದು ಎಂಜಿನ್ನಿನಿಂದ ಬರುವ ಹೊಗೆಯನ್ನು ನೋಡುತ್ತದೆ, ಅದರ ಓದು ಸದಾ ಏರಿಳಿಯುತ್ತಿರುತ್ತದೆ. ಕನ್ವರ್ಟರ್ ಆಮ್ಲಜನಕವನ್ನು ತನ್ನೊಳಗೆ ಹಿಡಿದಿಟ್ಟು ಬೇಕಾದಾಗ ಬಿಡುವುದರಿಂದ ಹಿಂದಿನ ಸೆನ್ಸರಿನ ಓದು ಸುಮಾರು 0.6, 0.7 ವೋಲ್ಟಿನಲ್ಲಿ ನೆಟ್ಟಗೆ ನಿಲ್ಲಬೇಕು. ಹಿಂದಿನದೂ ಮುಂದಿನದರ ಹಾಗೆ ಕುಣಿಯತೊಡಗಿದರೆ ಕಂಪ್ಯೂಟರ್ ತೀರ್ಮಾನಿಸುತ್ತದೆ, ಮಧ್ಯದ ಡಬ್ಬಿ ಕೆಲಸ ಮಾಡುತ್ತಿಲ್ಲ ಎಂದು. ಆದರೆ ಹಿಂದಿನ ಸೆನ್ಸರ್ ಕುಣಿಯಲು ಬೇರೆ ಕಾರಣಗಳೂ ಇವೆ. ಸೆನ್ಸರೇ ಹಾಳಾಗಿರಬಹುದು. ಎಂಜಿನ್ ಮಿಸ್ ಹೊಡೆಯುತ್ತಿರಬಹುದು. ಪೈಪಿನಲ್ಲಿ ಎಲ್ಲೋ ಸಂದಿಯಾಗಿ ಹೊರಗಿನ ಗಾಳಿ ಒಳಸೇರುತ್ತಿರಬಹುದು. ಗಾಳಿಯಲ್ಲಿ ಆಮ್ಲಜನಕವಿದೆ, ಪಾಪದ ಸೆನ್ಸರಿಗೆ ಅದು ಹೊರಗಿನದೋ ಒಳಗಿನದೋ ಗೊತ್ತಾಗುವುದಿಲ್ಲ.

ಭಾವನ ಕಾರಿನಲ್ಲಿ ನಾನು ಮೊದಲು ನೋಡಿದ್ದು ಫ್ರೀಜ್ ಫ್ರೇಮ್. ದೀಪ ಹತ್ತಿದ ಕ್ಷಣದಲ್ಲಿ ಕಾರು ಯಾವ ಸ್ಥಿತಿಯಲ್ಲಿತ್ತು ಎಂಬುದನ್ನು ಕಂಪ್ಯೂಟರ್ ಬರೆದಿಟ್ಟಿರುತ್ತದೆ: ವೇಗ, ನೀರಿನ ಬಿಸಿ, ಎಂಜಿನ್ನಿನ ಮೇಲಿನ ಭಾರ, ಇಂಧನದ ಹೊಂದಾಣಿಕೆ. ಇದನ್ನು ನೋಡದೆ ಕೋಡ್ ಅಳಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಕೋಡ್ ಅಳಿಸಿದರೆ ಈ ದಾಖಲೆಯೂ ಅಳಿಯುತ್ತದೆ, ಕಳ್ಳ ಬಂದುಹೋದ ಮನೆಯನ್ನು ಪೊಲೀಸರು ಬರುವ ಮೊದಲೇ ಗುಡಿಸಿ ಸಾರಿಸಿದ ಹಾಗೆ. ಗಂಟೆಗೆ 58 ಮೈಲಿ ವೇಗ, ಎಂಜಿನ್ ಪೂರ್ತಿ ಬಿಸಿ, ಇಂಧನದ ಹೊಂದಾಣಿಕೆ ಸರಿಸುಮಾರು ಸಮ. ಮಿಸ್‌ಫೈರ್ ಲೆಕ್ಕ ಸೊನ್ನೆ. ಎಂಜಿನ್ ಎಣ್ಣೆ ಕುಡಿಯುತ್ತಿರಲಿಲ್ಲ. ಇವೆಲ್ಲ ಸರಿಯಿರುವ ಎಂಜಿನ್ನಿನ ಹಿಂದೆ ಕನ್ವರ್ಟರ್ ಸುಮ್ಮನೆ ಯಾಕೆ ಸಾಯಬೇಕು?

ಬೆಳಿಗ್ಗೆ ಹಿಮದಲ್ಲಿ ನಿಂತಿದ್ದ ಕಾರನ್ನು ಸ್ಟಾರ್ಟ್ ಮಾಡಿಸಿ ಪಕ್ಕದಲ್ಲಿ ನಿಂತೆ. ಕೆಳಗಿನಿಂದ ಟಿಕ್ ಟಿಕ್ ಎಂಬ ಸಣ್ಣ ಸದ್ದು. ಎರಡು ಮೂರು ನಿಮಿಷದಲ್ಲಿ ಸದ್ದು ನಿಂತಿತು. ಪೈಪು ಬಿಸಿಯಾಗಿ ಹಿಗ್ಗಿದಾಗ ಸಂದಿ ಬಹುಮಟ್ಟಿಗೆ ಮುಚ್ಚಿಕೊಳ್ಳುತ್ತದೆ. ಭಾವ ಹೇಳಿದರು, "ಅದು ಚಳಿಗೆ ಎಲ್ಲ ಕಾರಿನಲ್ಲೂ ಬರ್ತದೆ ಭಾವ, ನಾವು ಲಕ್ಷ್ಯ ಕೊಡುವುದಿಲ್ಲ." ಎಂಜಿನ್ ಆರಿಸಿ, ತಣಿದ ಮೇಲೆ ಸೈಲೆನ್ಸರಿನ ಬಾಯಿಗೆ ವ್ಯಾಕ್ಯೂಮ್ ಕ್ಲೀನರಿನ ಗಾಳಿ ಊದುವ ಕಡೆಯನ್ನು ಬಟ್ಟೆ ಸುತ್ತಿ ಹಿಡಿಸಿದೆವು. ಪೈಪಿನ ಜೋಡಣೆಗಳಿಗೆಲ್ಲ ಸೋಪಿನ ನೀರು ಚಿಮುಕಿಸಿದೆವು. ಎರಡು ಸೆನ್ಸರುಗಳ ನಡುವಿನ ಒಂದು ಫ್ಲೇಂಜಿನಲ್ಲಿ ಗುಳ್ಳೆ ಎದ್ದಿತು. ಅಲ್ಲಿ ಕಪ್ಪು ಮಸಿಯ ಗೆರೆಯೂ ಇತ್ತು. ಬೋಲ್ಟುಗಳು ತುಕ್ಕು ಹಿಡಿದು ಪೆನ್ಸಿಲಿನಷ್ಟಾಗಿದ್ದವು, ಗ್ಯಾಸ್ಕೆಟ್ ತಿಂದುಹೋಗಿತ್ತು.

ತುಕ್ಕಿಗೆ ಕಾರಣ ಉಪ್ಪು. ನ್ಯೂಯಾರ್ಕ್, ನ್ಯೂಜೆರ್ಸಿಗಳಲ್ಲಿ ಹಿಮ ಬೀಳುವ ಮುನ್ನವೇ ರಸ್ತೆಗೆ ಉಪ್ಪು ಸುರಿಯುತ್ತಾರೆ. ಚಕ್ರದಿಂದ ಎರಚಿದ ಉಪ್ಪುನೀರು ಇಡೀ ಚಳಿಗಾಲ ಕಾರಿನ ಹೊಟ್ಟೆಗೆ ಅಂಟಿಕೊಂಡಿರುತ್ತದೆ. ಹತ್ತು ವರ್ಷ ದಾಟಿದ ಕಾರುಗಳ ಕೆಳಭಾಗವನ್ನು ಅಲ್ಲಿ ನೋಡಿದರೆ ನಮ್ಮ ಮಲ್ಪೆ ಬಂದರಿನ ಹಳೆಯ ದೋಣಿಗಳ ನೆನಪಾಗುತ್ತದೆ. ಅವರ ಮನೆಯ ಹತ್ತಿರದ ಸಣ್ಣ ಮಫ್ಲರ್ ಅಂಗಡಿಯಲ್ಲಿ ಹಳೆಯ ಬೋಲ್ಟುಗಳನ್ನು ಕಾಯಿಸಿ ಕತ್ತರಿಸಿ, ಹೊಸ ಗ್ಯಾಸ್ಕೆಟ್ ಹಾಕಿ ಬಿಗಿದರು. ಸಾಮಾನಿಗೆ 28 ಡಾಲರ್, ಕೂಲಿ 140. ಹಿಂದಿನ ಸೆನ್ಸರಿನ ಗೆರೆ ನೆಟ್ಟಗಾಯಿತು.

ಇದನ್ನು ಓದಿ ಪಿ 0420 ಬಂದಾಗಲೆಲ್ಲ ಗ್ಯಾಸ್ಕೆಟ್ ಹಾಕಿಸಲು ಓಡಬೇಡಿ. ಅದೂ ಅದೇ ಜಾತಿಯ ತಪ್ಪು. ಬಹಳ ಓಡಿದ ಕಾರುಗಳಲ್ಲಿ ಕನ್ವರ್ಟರ್ ನಿಜವಾಗಿಯೂ ಸತ್ತಿರುವುದು ಸಾಕಷ್ಟು ಸಾಮಾನ್ಯ. ಆಗಲೂ ಅದು ಯಾಕೆ ಸತ್ತಿತು ಎಂದು ಕೇಳಬೇಕು. ಮಿಸ್‌ಫೈರ್ ಆಗಿ ಸುಡದ ಪೆಟ್ರೋಲು ಒಳಗೆ ಹೋಗಿ ಉರಿದಿತ್ತೇ? ಎಂಜಿನ್ ಎಣ್ಣೆ ಸುಡುತ್ತಿತ್ತೇ? ಅದನ್ನು ಸರಿಪಡಿಸದೆ ಹೊಸ ಡಬ್ಬಿ ಹಾಕಿದರೆ ಅದೂ ವರ್ಷದೊಳಗೆ ಅದೇ ದಾರಿ ಹಿಡಿಯಬಹುದು. ಡಬ್ಬಿಯ ಒಳಗಿರುವುದು ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ. ಅದಕ್ಕೇ ಅಷ್ಟು ಬೆಲೆ, ಅದಕ್ಕೇ ನ್ಯೂಜೆರ್ಸಿಯಲ್ಲಿ ರಾತ್ರಿ ನಿಲ್ಲಿಸಿದ ಕಾರಿನ ಕೆಳಗೆ ಮಲಗಿ ಗರಗಸದಲ್ಲಿ ಅದನ್ನೇ ಕತ್ತರಿಸಿಕೊಂಡು ಹೋಗುವ ಕಳ್ಳರು. ನ್ಯೂಯಾರ್ಕಿನಲ್ಲಂತೂ 2013ರ ಜೂನಿನಿಂದ ಹೊರಗಿನ ಕಂಪನಿಯ ಕನ್ವರ್ಟರ್ ಹಾಕುವುದಾದರೂ ಅದು ಕ್ಯಾಲಿಫೋರ್ನಿಯಾದ ಮಾನದಂಡಕ್ಕೆ ಒಪ್ಪಿಗೆಯಾದದ್ದೇ ಆಗಿರಬೇಕು, ಅಗ್ಗದ್ದು ನಡೆಯುವುದಿಲ್ಲ. ಅಮೆರಿಕದಲ್ಲಿರುವ ನಿಮ್ಮ ತಮ್ಮಂದಿರಿಗೆ, ಮಕ್ಕಳಿಗೆ ಇದೊಂದನ್ನು ತಪ್ಪದೆ ಹೇಳಿ: ಅಲ್ಲಿಯ ಕೇಂದ್ರ ಕಾನೂನಿನ ಪ್ರಕಾರ ಕನ್ವರ್ಟರಿಗೆ ಮತ್ತು ಎಂಜಿನ್ ಕಂಪ್ಯೂಟರಿಗೆ 8 ವರ್ಷ ಅಥವಾ 80,000 ಮೈಲಿ, ಯಾವುದು ಮೊದಲೋ ಅಲ್ಲಿಯವರೆಗೆ ವಾರಂಟಿ ಇದೆ. ಆರೇಳು ವರ್ಷದ ಕಾರಿಗೆ ಕೈಯಿಂದ ದುಡ್ಡು ಕೊಟ್ಟು ಕನ್ವರ್ಟರ್ ಹಾಕಿಸಿಕೊಂಡವರನ್ನು ನಾನೇ ನೋಡಿದೆ.

ದೀಪ ಹತ್ತಿಕೊಂಡು ನಿಂತಿದ್ದರೆ ಅವಸರವಿಲ್ಲ, ಒಂದೆರಡು ದಿನದಲ್ಲಿ ತೋರಿಸಬಹುದು. ಮಿಣುಕುತ್ತಿದ್ದರೆ ಮಾತ್ರ ತಕ್ಷಣ ವೇಗ ಇಳಿಸಿ ಕಾರನ್ನು ಬದಿಗೆ ಹಾಕಿ. ಮಿಸ್‌ಫೈರ್ ಎಷ್ಟು ಜೋರಾಗಿದೆ ಎಂದರೆ ಕನ್ವರ್ಟರ್ ಸುಟ್ಟುಹೋಗುವ ಹಂತದಲ್ಲಿದೆ ಎಂದು ಅದರ ಅರ್ಥ. ಮುನ್ನೂರು ದಿರ್ಹಮಿನ ಕಾಯಿಲ್ ಉಳಿಸಲು ಹೋಗಿ ಮೂರು ಸಾವಿರದ ಡಬ್ಬಿ ಕಳೆದುಕೊಂಡವರು ಇಲ್ಲಿ ಎಷ್ಟೋ ಮಂದಿ.

ಗ್ಯಾಸ್ಕೆಟ್ ಹಾಕಿದ ಮರುದಿನವೇ ಕೋಡ್ ಅಳಿಸಿ ತಪಾಸಣೆಗೆ ಹೋಗೋಣ ಎಂದರು ಭಾವ. ಅಲ್ಲೊಂದು ಉಪಾಯ ನಡೆಯುವುದಿಲ್ಲ. ಕೋಡ್ ಅಳಿಸಿದಾಗ ಕಾರು ತನ್ನನ್ನು ತಾನು ಪರೀಕ್ಷಿಸಿಕೊಂಡ ಫಲಿತಾಂಶಗಳೆಲ್ಲ ಅಳಿದು "ಸಿದ್ಧವಿಲ್ಲ" ಎಂದಾಗುತ್ತವೆ. ಇವಕ್ಕೆ ರೆಡಿನೆಸ್ ಮಾನಿಟರ್ ಎನ್ನುತ್ತಾರೆ. 2001ರ ನಂತರದ ಕಾರಿನಲ್ಲಿ ಇಂಥದ್ದು ಒಂದಕ್ಕಿಂತ ಹೆಚ್ಚು ಬಾಕಿಯಿದ್ದರೆ ತಪಾಸಣೆಯಲ್ಲಿ ಒಪ್ಪುವುದಿಲ್ಲ. ಮತ್ತೆ ಸಿದ್ಧವಾಗಲು ಕಾರನ್ನು ಓಡಿಸಲೇಬೇಕು: ತಣ್ಣಗಿರುವಾಗ ಸ್ಟಾರ್ಟ್ ಮಾಡಿ, ಸ್ವಲ್ಪ ಹೊತ್ತು ನಿಲ್ಲಿಸಿ, ಊರೊಳಗೆ ಒಂದಿಷ್ಟು, ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಒಂದಿಷ್ಟು. ಭಾವ ಐದು ದಿನ 287ರ ಹೆದ್ದಾರಿಯಲ್ಲಿ ಕೆಲಸಕ್ಕೆ ಹೋಗಿ ಬಂದ ಮೇಲೆ ಕನ್ವರ್ಟರಿನ ಮಾನಿಟರ್ ಸಿದ್ಧವಾಯಿತು. ಪೆಟ್ರೋಲ್ ಆವಿಯ ಮಾನಿಟರ್ ಮಾತ್ರ ಆಗಲಿಲ್ಲ; ಹೆಚ್ಚಿನ ಕಾರುಗಳಲ್ಲಿ ತೀರಾ ಚಳಿಯಿದ್ದರೆ ಆ ಪರೀಕ್ಷೆ ಓಡುವುದೇ ಇಲ್ಲ. ತೀರಾ ಸೆಖೆಯಿದ್ದರೂ ಓಡುವುದಿಲ್ಲ, ಜುಲೈಯಲ್ಲಿ ಅದಕ್ಕಾಗಿ ಕಾಯುತ್ತ ಕೂತ ಇಲ್ಲಿನ ಹುಡುಗರಿಗೆ ಗೊತ್ತಿದೆ. ಒಂದು ಬಾಕಿಗೆ ಅನುಮತಿ ಇದ್ದುದರಿಂದ ಕಿಲ್ಮರ್ ರೋಡಿನ ಕೇಂದ್ರದಲ್ಲಿ ಕಾರು ಪಾಸಾಯಿತು.

ನಾನು ಹೇಳಬೇಕೆಂದಿರುವ ಮುಖ್ಯ ಸಂಗತಿ ಇಲ್ಲಿದೆ. ಅದೇ ಕಂಪನಿಯ ಅದೇ ಮಾಡೆಲ್ ಕಾರು ಶಾರ್ಜಾದಲ್ಲಿ ಅದೇ ಕೋಡ್ ತೋರಿಸಿದರೆ ನಾನು ಮೊದಲು ಫ್ಲೇಂಜಿನ ತುಕ್ಕು ಹುಡುಕುವುದಿಲ್ಲ. ಇಲ್ಲಿ ರಸ್ತೆಗೆ ಉಪ್ಪು ಹಾಕುವುದಿಲ್ಲ. ಇಲ್ಲಿಯ ಶತ್ರುಗಳು ಬಿಸಿಲು ಮತ್ತು ಮರಳು. ಪಿ 0171 ಎಂಬ ಕೋಡನ್ನೇ ತೆಗೆದುಕೊಳ್ಳಿ: ಎಂಜಿನ್ನಿಗೆ ಪೆಟ್ರೋಲು ಕಡಿಮೆ, ಗಾಳಿ ಹೆಚ್ಚು. ಇಲ್ಲಿ ನಾನು ಮೊದಲು ನೋಡುವುದು ಏರ್ ಫಿಲ್ಟರಿನ ಹಿಂದೆ ಗಾಳಿ ಅಳೆಯುವ ಸೆನ್ಸರಿನ ತಂತಿಗೆ ಧೂಳು ಮೆತ್ತಿದೆಯೇ, ಎಂಜಿನ್ ಕೋಣೆಯ ಬೇಗೆಗೆ ರಬ್ಬರ್ ಪೈಪುಗಳು ಬಿರುಕು ಬಿಟ್ಟಿವೆಯೇ ಎಂದು. ಪಿ 0128, ಅಂದರೆ ಎಂಜಿನ್ ಬೇಕಾದಷ್ಟು ಬಿಸಿಯಾಗುತ್ತಿಲ್ಲ ಎಂಬ ದೂರು, ಎಡಿಸನ್‌ನ ಜನವರಿಯಲ್ಲಿ ಸಾಮಾನ್ಯ. ಥರ್ಮೋಸ್ಟಾಟ್ ತೆರೆದುಕೊಂಡು ಸಿಕ್ಕಿಹಾಕಿಕೊಂಡಿರುತ್ತದೆ, ಹೀಟರಿನಲ್ಲಿ ತಣ್ಣನೆ ಗಾಳಿ ಬರುತ್ತದೆ. ಶಾರ್ಜಾದ ಆಗಸ್ಟಿನಲ್ಲಿ ಆ ಕೋಡ್ ಬಂದರೆ ಥರ್ಮೋಸ್ಟಾಟಿನ ಜೊತೆಗೇ ಸೆನ್ಸರನ್ನೂ ವೈರನ್ನೂ ಅನುಮಾನಿಸುತ್ತೇನೆ. ಕೋಡಿನ ಪುಸ್ತಕ ಜಗತ್ತಿಗೆಲ್ಲ ಒಂದೇ. ಕಾರಣ ಊರೂರಿಗೆ ಬೇರೆ. ಅಮೆರಿಕದ ಯಾರೋ ಹಾಕಿದ ವಿಡಿಯೋ ನೋಡಿ ಇಲ್ಲಿ ಪಾರ್ಟ್ ಕೊಳ್ಳುವವರು ಇದನ್ನು ಯೋಚಿಸಬೇಕು.

ಹಿಂದೆ ಕೋಡ್ ಓದುವುದೇ ಒಂದು ವಿದ್ಯೆಯಾಗಿತ್ತು. ತೊಂಬತ್ತರ ದಶಕದ ಟೊಯೊಟಾಗಳಲ್ಲಿ ಬಾನೆಟ್ಟಿನ ಕೆಳಗಿನ ಡಯಾಗ್ನೋಸಿಸ್ ಡಬ್ಬಿಯ ಟಿಇ1, ಇ1 ಎಂಬ ಎರಡು ತೂತುಗಳಿಗೆ ತುಂಡು ವೈರು ಸಿಕ್ಕಿಸಿ, ದೀಪ ಎಷ್ಟು ಸಲ ಮಿಣುಕುತ್ತದೆ ಎಂದು ಎಣಿಸುತ್ತಿದ್ದೆವು. ಕಂಪನಿಗೊಂದು ಭಾಷೆ. ಅಮೆರಿಕ 1996ರ ಮಾಡೆಲಿನಿಂದ ಎಲ್ಲ ಕಾರುಗಳಿಗೂ ಒಂದೇ ಸಾಕೆಟ್, ಒಂದೇ ಭಾಷೆ ಕಡ್ಡಾಯ ಮಾಡಿತು. ಅದರ ಹೆಸರೇ ಓಬಿಡಿ-2. ಭಾರತದಲ್ಲಿ ಮೊದಲ ಹಂತ 2010ರ ಏಪ್ರಿಲಿನಲ್ಲಿ, ಎರಡನೆಯದು 2013ರ ಏಪ್ರಿಲಿನಲ್ಲಿ ಬಂತು. ಈಗ ಅಂಗೈಯಗಲದ ಸಾಧನ ನೂರು ದಿರ್ಹಮಿಗೂ ಕಡಿಮೆಗೆ ಸಿಗುತ್ತದೆ, ನ್ಯೂಜೆರ್ಸಿಯ ಬಿಡಿಭಾಗದ ಅಂಗಡಿಗಳಲ್ಲಿ ಪುಕ್ಕಟೆ ಓದಿಯೂ ಕೊಡುತ್ತಾರೆ. (ಪುಕ್ಕಟೆ ಓದುವುದು ಪಾರ್ಟ್ ಮಾರುವ ಅಂಗಡಿಯವರು ಎಂಬುದು ನೆನಪಿರಲಿ.) ಓದುವುದು ಇಷ್ಟು ಸುಲಭವಾದದ್ದರಿಂದಲೇ ಅರ್ಥ ಮಾಡಿಕೊಳ್ಳುವುದೂ ಸುಲಭ ಎಂಬ ಭ್ರಮೆ ಹುಟ್ಟಿದೆ. ಥರ್ಮಾಮೀಟರ್ ಎಲ್ಲರ ಮನೆಯಲ್ಲಿದೆ, ಹಾಗೆಂದು ಜ್ವರ ಮಲೇರಿಯಾದ್ದೋ ಟೈಫಾಯ್ಡಿನದ್ದೋ ಎಂದು ಅದು ಹೇಳುತ್ತದೆಯೇ?

ಈ ವಿದ್ಯೆ ಗೊತ್ತಿಲ್ಲದಿದ್ದರೆ ನಮಗಾಗುವ ಇನ್ನೊಂದು ದೊಡ್ಡ ನಷ್ಟ ಹಳೆಯ ಕಾರು ಕೊಳ್ಳುವಾಗ. ಇಲ್ಲಿ "ಅಮೆರಿಕನ್ ಸ್ಪೆಕ್" ಎಂದು ಅಗ್ಗಕ್ಕೆ ಸಿಗುವ ಕಾರುಗಳಲ್ಲಿ ಅಲ್ಲಿ ಅಪಘಾತವಾಗಿಯೋ ನೀರಿನಲ್ಲಿ ಮುಳುಗಿಯೋ ವಿಮಾ ಕಂಪನಿ ಕೈಬಿಟ್ಟು ಹರಾಜು ಹಾಕಿದವು ಸೇರಿರುತ್ತವೆ. 2012ರ ಅಕ್ಟೋಬರ್ 29ರಂದು ಸ್ಯಾಂಡಿ ಚಂಡಮಾರುತ ನ್ಯೂಜೆರ್ಸಿಯ ಕರಾವಳಿಗೆ ಅಪ್ಪಳಿಸಿದಾಗ ಆ ಭಾಗದಲ್ಲಿ ಸಮುದ್ರದ ನೀರು ಕುಡಿದ ಕಾರುಗಳಿಗೆ ಲೆಕ್ಕವಿಲ್ಲ. ಲಾಂಗ್ ಐಲೆಂಡಿನ ಕಾಲ್ವರ್ಟನ್‌ನ ಹಳೆಯ ವಿಮಾನ ನಿಲ್ದಾಣದ ರನ್‌ವೇ ಮೇಲೆ ಅಂಥ ಸಾವಿರಾರು ಕಾರುಗಳನ್ನು ಸಾಲಾಗಿ ನಿಲ್ಲಿಸಿದ ಚಿತ್ರಗಳು ಆಗ ಪತ್ರಿಕೆಗಳಲ್ಲಿ ಬಂದಿದ್ದವು. ದೂರದ ಮಾತು ಯಾಕೆ, 2024ರ ಏಪ್ರಿಲ್ 16ರ ಮಳೆಗೆ ದುಬೈ, ಶಾರ್ಜಾಗಳಲ್ಲಿ ಮುಳುಗಿದ ಕಾರುಗಳನ್ನು ನಾವೇ ಕಂಡಿದ್ದೇವೆ. ಅವುಗಳಲ್ಲಿ ಕೆಲವು ತೊಳೆದು ಒರೆಸಿಕೊಂಡು ಮಾರಾಟಕ್ಕೆ ನಿಂತಿವೆ. ನೀರು ಕುಡಿದ ಕಾರಿನ ಕಾಯಿಲೆ ತಕ್ಷಣ ಕಾಣುವುದಿಲ್ಲ. ಆರು ತಿಂಗಳಾದ ಮೇಲೆ ಕನೆಕ್ಟರುಗಳಲ್ಲಿ ಹಸಿರು ತುಕ್ಕು ಕೂತು ಒಂದಕ್ಕೊಂದು ಸಂಬಂಧವಿಲ್ಲದ ಕೋಡುಗಳು, ಅದರಲ್ಲೂ ಯು ಅಕ್ಷರದವು, ಬಂದು ಹೋಗಿ ಮಾಡುತ್ತವೆ.

ಆದ್ದರಿಂದ ಹಳೆಯ ಕಾರು ನೋಡಲು ಹೋಗುವಾಗ ಸ್ಕ್ಯಾನರ್ ಕೊಂಡೊಯ್ಯಿರಿ, ಆದರೆ "ಕೋಡ್ ಇಲ್ಲ" ಎಂಬ ಉತ್ತರಕ್ಕೆ ಖುಷಿಪಡಬೇಡಿ. ಮಾನಿಟರುಗಳ ಪುಟ ತೆರೆಯಿರಿ. ಎಲ್ಲವೂ "ಸಿದ್ಧವಿಲ್ಲ" ಎಂದಿದ್ದರೆ ಮಾರುವವನು ಇವತ್ತೋ ನಿನ್ನೆಯೋ ಕೋಡ್ ಅಳಿಸಿರಬಹುದು, ಇಲ್ಲವೇ ಬ್ಯಾಟರಿ ತೆಗೆದಿರಬಹುದು. ಬ್ಯಾಟರಿ ಹೊಸದು ಎಂದು ಅವನು ಹೇಳಬಹುದು, ಅದು ನಿಜವೂ ಇರಬಹುದು. ಹಾಗಾದರೆ ಒಂದು ವಾರ ಓಡಿಸಿದ ಮೇಲೆ ಬಂದು ನೋಡುತ್ತೇನೆ ಎನ್ನಿ. ಮುಖ ನೋಡಿದರೆ ಅರ್ಧ ಉತ್ತರ ಸಿಗುತ್ತದೆ.

ಇನ್ನು ನಮ್ಮ ಹುಡುಗರ ವಿಷಯ. ಭಟ್ಕಳ, ಕುಂದಾಪುರ, ಬಂಟ್ವಾಳ, ಪುತ್ತೂರು ಕಡೆಯಿಂದ ಐಟಿಐ ಮುಗಿಸಿ ಬಂದವರು ಅಲ್ ಕೂಸಿನಲ್ಲಿ, ಶಾರ್ಜಾದಲ್ಲಿ, ಮುಸಾಫಾದಲ್ಲಿ ಎಷ್ಟೋ ಜನ ಇದ್ದಾರೆ. ಅವರಲ್ಲಿ ಒಬ್ಬ ಎರಡು ಗಂಟೆ ಬಾಗಿ ಕೂತು, ಒಂದೊಂದೇ ವೈರಿಗೆ ಮೀಟರ್ ಹಿಡಿದು, ಕೊನೆಗೆ ಐದು ದಿರ್ಹಮಿನ ರಬ್ಬರ್ ಪೈಪಿನ ಬಿರುಕು ಕಂಡುಹಿಡಿದರೆ ಗ್ರಾಹಕರು ಕೇಳುವುದು, "ಐದು ದಿರ್ಹಮಿನ ಪೈಪಿಗೆ ಇನ್ನೂರೈವತ್ತು ಯಾಕೆ?" ಅದೇ ಅವನು ನೋಡದೆಯೇ ಎರಡು ಸೆನ್ಸರ್ ಬದಲಿಸಿ ಒಂಬೈನೂರರ ಬಿಲ್ ಕೊಟ್ಟರೆ ತಕರಾರಿಲ್ಲದೆ ಕೊಡುತ್ತೇವೆ, ಕೈಯಲ್ಲಿ ಹೊಸ ಡಬ್ಬಿ ಕಂಡಿತಲ್ಲ. ಹೀಗಾದರೆ ಯಾವ ಮಾಲೀಕ ಹುಡುಗನಿಗೆ ಪತ್ತೆ ಹಚ್ಚುವ ಕೆಲಸ ಕಲಿಸುತ್ತಾನೆ? ಅಮೆರಿಕದಲ್ಲಿ ಒಳ್ಳೆಯ ಗ್ಯಾರೇಜುಗಳು ಪತ್ತೆ ಹಚ್ಚಲು ಬೇರೆಯೇ ಶುಲ್ಕ ಹಾಕುತ್ತವೆ. ಅದು ಸುಲಿಗೆ ಎಂದು ಅಲ್ಲಿಯ ನಮ್ಮವರೂ ಗೊಣಗುತ್ತಾರೆ. ನನಗೆ ಅದು ಸರಿಯೆನಿಸಿತು, ಒಂದು ಷರತ್ತಿನ ಮೇಲೆ: ಏನೇನು ಅಳೆದೆ, ಎಷ್ಟು ಬಂತು, ಅದರಿಂದ ಯಾಕೆ ಈ ಪಾರ್ಟೇ ಎಂದುಕೊಂಡೆ ಎಂಬುದನ್ನು ಚೀಟಿಯಲ್ಲಿ ಬರೆದು ಕೊಡಬೇಕು. ಭಾವನಿಗೆ ಸಿಕ್ಕ 1,950 ಡಾಲರಿನ ಚೀಟಿಯಲ್ಲಿ ಇದ್ದದ್ದು ಕೋಡ್ ಮತ್ತು ಬೆಲೆ ಎರಡೇ.

ಅಲ್ಲಿ ಇನ್ನೊಂದು ಹೋರಾಟವೂ ನಡೆದಿದೆ. ಕಾರಿನ ಮಾಹಿತಿ ಕಂಪನಿಯ ಡೀಲರಿಗೆ ಮಾತ್ರ ಸಿಗಬೇಕೇ, ಬೀದಿಯ ಸಣ್ಣ ಗ್ಯಾರೇಜಿಗೂ ಸಿಗಬೇಕೇ ಎಂಬುದು. ಮಸಾಚುಸೆಟ್ಸ್ ರಾಜ್ಯದ ಜನ 2012ರಲ್ಲಿ ಸಣ್ಣ ಗ್ಯಾರೇಜುಗಳ ಪರವಾಗಿ ಮತ ಹಾಕಿದರು. ಅದರ ಬೆನ್ನಿಗೆ 2014ರಲ್ಲಿ ಕಾರು ಕಂಪನಿಗಳು ದೇಶಕ್ಕೆಲ್ಲ ಅನ್ವಯಿಸುವ ಒಪ್ಪಂದಕ್ಕೆ ಬಂದವು. ನ್ಯೂಯಾರ್ಕ್ 2022ರ ಡಿಸೆಂಬರಿನಲ್ಲಿ ಮಾಡಿದ ರಿಪೇರಿ ಹಕ್ಕಿನ ಕಾನೂನು ಫೋನು, ಕಂಪ್ಯೂಟರುಗಳಂಥ ವಸ್ತುಗಳಿಗೆ. ಮೋಟಾರು ವಾಹನಗಳನ್ನು ಅದರಿಂದ ಹೊರಗಿಟ್ಟಿದ್ದಾರೆ. ಮಾಹಿತಿ ಸಿಕ್ಕಿದರೂ ಅದನ್ನು ಓದಿ ಯೋಚಿಸುವವನಿಗೆ ಕೂಲಿ ಕೊಡದಿದ್ದರೆ ಆ ಹಕ್ಕು ಕಾಗದದ ಮೇಲೆಯೇ ಉಳಿಯುತ್ತದೆ.

ನಮ್ಮ ಸಂಘಗಳು ರಕ್ತದಾನ ಶಿಬಿರ ಮಾಡುತ್ತವೆ, ಸಕ್ಕರೆ ಕಾಯಿಲೆಯ ತಪಾಸಣೆ ಮಾಡುತ್ತವೆ. ವರ್ಷಕ್ಕೊಮ್ಮೆ, ಸೆಖೆ ಏರುವ ಮೊದಲು ಮಾರ್ಚಿನ ಒಂದು ಭಾನುವಾರ, ಸಭಾಂಗಣದ ಪಾರ್ಕಿಂಗಿನಲ್ಲಿ ಸದಸ್ಯರ ಕಾರುಗಳಿಗೂ ಒಂದು ಶಿಬಿರ ಯಾಕಾಗಬಾರದು? ಗ್ಯಾರೇಜಿನಲ್ಲಿ ದುಡಿಯುವ ನಮ್ಮವರೇ ನಾಲ್ಕೈದು ಮಂದಿ, ಎರಡು ಸ್ಕ್ಯಾನರ್, ಒಂದು ಮೇಜು. ಅಲ್ಲಿ ರಿಪೇರಿ ಬೇಡ, ಪಾರ್ಟ್ ಮಾರಾಟವಂತೂ ಬೇಡವೇ ಬೇಡ. ಕೋಡ್ ಏನು, ಮಾನಿಟರ್ ಹೇಗಿದೆ, ಮೊದಲು ಏನನ್ನು ಅಳೆಸಬೇಕು ಎಂದು ಕನ್ನಡದಲ್ಲಿ ಒಂದು ಚೀಟಿ ಬರೆದು ಕೊಟ್ಟರೆ ಸಾಕು, ಅದನ್ನು ಹಿಡಿದು ಅವರವರು ತಮಗೆ ಬೇಕಾದ ಗ್ಯಾರೇಜಿಗೆ ಹೋಗಲಿ. ಸಮಿತಿಯವರು ಒಪ್ಪಿದರೆ ನಾನು ಬೆಳಿಗ್ಗೆ ಎಂಟಕ್ಕೇ ಸ್ಕ್ಯಾನರ್ ಹಿಡಿದು ಬರುತ್ತೇನೆ. ಮಧ್ಯಾಹ್ನದ ಊಟದ ವ್ಯವಸ್ಥೆ ಸಂಘದ್ದು.